ಅತ್ತೆಯ ಅರ್ಧ ಕಥೆಗಳು

ನಮ್ಮ ಅತ್ತೆ ಯೇಸುಸ್ವಾಮಿಯ ಕಥೆ ಹೇಳಿ ಹೇಳಿ ಬೆಟಗೇರಿಯ ಹೆಂಗಸರನ್ನೆಲ್ಲ ಕೆಡಿಸಿದರು ಎಂದು ದೂರುವವರಿದ್ದರು. ಕೆಡಿಸುವುದಕ್ಕಾದರೂ ಕಥೆ ಮುಗಿಯಬೇಕಲ್ಲ ಸ್ವಾಮಿ! ಅತ್ತೆ ಒಂದು ಕಥೆಯನ್ನಾದರೂ ಕೊನೆ ಮುಟ್ಟಿಸಿದ್ದನ್ನು ಕಂಡವರು ಯಾರು?

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದವರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದರು. ರವಿವಾರ ಪಾದ್ರಿಗಳು, "ಸ್ವಾಮಿಯ ಮಾತು ನೆರೆಯವ್ರಿಗೂ ತಿಳಸ್ರಿ" ಎನ್ನುತ್ತಿದ್ದರು. ನಾವೆಲ್ಲ ಆಮೆನ್ ಎಂದು ಮನೆಗೆ ಬಂದು ಉಂಡು ಮಲಗುತ್ತಿದ್ದೆವು. ಅತ್ತೆ ಮಾತ್ರ ಸೆರಗು ಸಿಕ್ಕಿಸಿಕೊಂಡು ನೇಕಾರರ ಓಣಿಗೆ ಹೊರಟೇಬಿಡುತ್ತಿದ್ದರು. ಕಥೆ ಶುರುಮಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಕಣ್ಣು ಸುಮ್ಮನಿರಬೇಕಲ್ಲ! ಅಲ್ಲಿ ಹಾಲು ಉಕ್ಕಿತು, ಇಲ್ಲಿ ಕೂಸಿನ ಮೂಗು ಸೋರಿತು, ಅತ್ತೆ ಎದ್ದೇ ಎದ್ದರು. ಎದ್ದವರು ಆ ಕೆಲಸ ಮುಗಿಸಿ ಹಾಗೇ ಮುಂದಿನ ಮನೆಗೆ ಹೋಗುತ್ತಿದ್ದರು.

ಒಮ್ಮೆ ಹುಬ್ಬಳ್ಳಿಯ ರೈಲಿನಲ್ಲಿ, ಕಳ್ಳರು ಬಡಿದು ದಾರಿಯಲ್ಲಿ ಕೆಡವಿಹೋದ ಮನುಷ್ಯನ ಕಥೆ ಹಿಡಿದರು. ಹಿರೇಹಂದಿಗೋಳದ ರೈತನೊಬ್ಬ ಬಾಯಿ ತೆರೆದು ಕೇಳುತ್ತಿದ್ದ. ದೊಡ್ಡವರಿಬ್ಬರು ನೋಡಿಯೂ ನೋಡದಂತೆ ದಾಟಿಹೋದರು ಎನ್ನುವಷ್ಟರಲ್ಲಿ ಯಾರದೋ ಕೂಸು ಅತ್ತಿತು. ಅದನ್ನು ಎತ್ತಿಕೊಂಡು ನಿಂತವರು ಮತ್ತೆ ಕುಳಿತರೆ ಕೇಳಿ! ರೈತ ತನ್ನ ಊರು ಬಂದಾಗ ಇಳಿದು, ಕಿಟಕಿಯ ಹೊರಗಿನಿಂದ ಕೂಗಿದ:

"ಯವ್ವಾ, ಆ ಮನಶ್ಯಾ ಇನ್ನೂ ದಾರ್ಯಾಗ ಬಿದ್ದಾನಲ್ಲಬೇ! ಎತ್ತಾವ್ರು ಯಾರೂ ಇಲ್ಲೇನು?"

"ನೀನ ಎತ್ತೋ ತಮ್ಮಾ!" ಎಂದರು ಅತ್ತೆ.

ಆಗ ಸ್ವಾತಂತ್ರ್ಯ ಬಂದಿತ್ತು, ಕನ್ನಡನಾಡು ಮಾತ್ರ ಹರಿದು ಹಂಚಿಹೋಗಿಯೇ ಇತ್ತು. ನಾವು ಮುಂಬಯಿ ಪ್ರಾಂತಕ್ಕೆ ಸೇರಿದವರು. ಮುಂಡರಗಿಯ ಮಂದಿ ಬೀಗರ ಮನೆಗೆ ಹೊರಟರೆ ಹೈದರಾಬಾದಿನ ಸೀಮೆ! ಎಲ್ಲ ಒಂದಾಗಬೇಕೆಂದು ಗದಗಿನಲ್ಲಿ ಮೆರವಣಿಗೆ ಹೊರಟಿತ್ತು. ಅತ್ತೆ ಅಲ್ಲಿಯೂ ಕಳೆದುಹೋದ ಕುರಿಯ ಕಥೆ ತೆಗೆದು, ಮುಖಂಡರೊಬ್ಬರ ಗಂಟಲು ಒಣಗಿದ್ದು ಕಂಡು, ಕುರಿಯನ್ನು ಕಾಡಿನಲ್ಲೇ ಬಿಟ್ಟು ನೀರು ತರಲು ಓಡಿದರು. ಮುಖಂಡರು ನೀರು ಕುಡಿದು ನಗುತ್ತ ಕೇಳಿದರು:

"ಕುರಿ ಸಿಕ್ಕಿತೇನ್ರಿ?"

"ನಿಮ್ಮ ನಾಡು ಒಂದಾತೇನ್ರಿ?"

"ಇನ್ನೂ ಇಲ್ರಿ."

"ಮತ್ತ? ಹುಡುಕ್ರಿ!"

ನನಗೋ ಮೈಯೆಲ್ಲ ಉರಿ. ನಾನು ಕನ್ನಡ ಶಾಲೆಯ ಅಕ್ಕೋರು, ಪಾಠ ಅರ್ಧಕ್ಕೆ ನಿಂತರೆ ನಿದ್ದೆ ಬಾರದವಳು. ಓಣಿಯ ಹೆಂಗಸರು ದಾರಿಗಡ್ಡ ನಿಂತು, "ಅಕ್ಕೋರ, ಮುಂದೇನಾತ್ರಿ?" ಎಂದು ಕೇಳುವರು. ನಾನು ಬಾಯಿ ತೆರೆದರೆ, "ಬ್ಯಾಡ್ರಿ, ನೀವು ಪಾಠ ಒಪ್ಪಿಸಿದಂಗ ಹೇಳ್ತೀರಿ. ಅವರ ಹೇಳಲಿ" ಎಂದು ನಡೆದುಬಿಡುವರು. ನನ್ನ ಟ್ರೇನಿಂಗು ದಂಡ!

ಹೀಗಿರುವಾಗ ನೇಕಾರರ ಓಣಿಯ ತಿಪ್ಪವ್ವನ ಮನೆಯಲ್ಲಿ ಅತ್ತೆ ಹೊಸ ಕಥೆ ತೆಗೆದರು. ತಿಪ್ಪವ್ವನ ಒಬ್ಬನೇ ಮಗ ಅಪ್ಪನೊಡನೆ ಜಗಳಾಡಿ, ಮಗ್ಗ ಬಿಟ್ಟು ಸೊಲ್ಲಾಪುರದ ಗಿರಣಿ ಸೇರಿದ್ದ. ಅವಳ ಗಂಡ ನಾಗಪ್ಪ, "ಆ ಮಗಾ ಹೊಸ್ತಲಾ ತುಳದ್ರ ಕಾಲ ಮುರೀತೀನಿ" ಎಂದು ಓಣಿಗೆಲ್ಲ ಕೇಳುವಂತೆ ಸಾರಿದ್ದ. ಅತ್ತೆ ಹೇಳಿದ್ದಾದರೂ ಯಾವ ಕಥೆ? ಪಾಲು ಇಸಿದುಕೊಂಡು ಅಪ್ಪನನ್ನು ಬಿಟ್ಟುಹೋದ ಮಗನದು! ಮಗ ಎಲ್ಲ ಕಳೆದುಕೊಂಡು, ಹಸಿದು, ಹಂದಿ ಮೇಯಿಸುವಲ್ಲಿಗೆ ಬಂದಾಗ ತಿಪ್ಪವ್ವನ ಕೈಯ ನೂಲು ಗಂಟಾಯಿತು. ಅತ್ತೆ ಅದನ್ನು ಬಿಡಿಸಿಕೊಟ್ಟು ಎದ್ದು ಬಂದರು.

ಮರುದಿನ ಶಾಲೆಯಿಂದ ಬರುವಾಗ ನೋಡುತ್ತೇನೆ, ತಿಪ್ಪವ್ವ ತನ್ನ ಪಡಸಾಲೆಯಲ್ಲಿ ಅತ್ತೆಯ ಸೆರಗು ಹಿಡಿದು ಕೂರಿಸಿದ್ದಾಳೆ.

"ಇವತ್ತ ಬಿಡಾಂಗಿಲ್ಲ ಯಕ್ಕಾ. ಆ ಹುಡುಗಗ ಯಾರರ ಒಂದ್ ರೊಟ್ಟಿ ಕೊಟ್ರೇನ? ನಿನ್ನಿಯಿಂದ ನನಗ ತುತ್ತು ಇಳೀವಲ್ದು."

ಅತ್ತೆ ಶುರುಮಾಡಿದರು. ಒಳಗೆ ಹಾಲು ಸುಂಯ್ ಎಂದಿತು. ಅತ್ತೆಯ ಮೊಣಕಾಲು ಎದ್ದಿತು!

"ಹಾಲು ಹೋದ್ರ ಹೋಗ್ಲಿ, ಕುಂಡ್ರ ಯಕ್ಕಾ!" ಎಂದು ತಿಪ್ಪವ್ವ ಚೀರಿದಳು.

ಅತ್ತೆ ಕುಳಿತರು. ಹಾಲೆಲ್ಲ ಉಕ್ಕಿ ಒಲೆಗೆ ಹೋಯಿತು.

"ಮಗಾ ಹರಕ ಅರಿವ್ಯಾಗ ತಿರುಗಿ ಬಂದ. ಅಪ್ಪ ದೂರದಿಂದನ ನೋಡಿದಾ. ಊರಾಗ ಮರ್ಯಾದಿ ಇದ್ದ ಮನಶ್ಯಾ, ಧೋತರ ಎತ್ತಿ ಹಿಡದು ಓಡಿದಾ ನೋಡ ತಿಪ್ಪವ್ವಾ."

ಅಷ್ಟು ಹೊತ್ತೂ ಬಡಿಯುತ್ತಿದ್ದ ಮಗ್ಗ ನಿಂತಿತು. ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೊಳಗಿನಿಂದ ನಾಗಪ್ಪನ ದನಿ ಬಂತು.

"ಬೈಲಿಲ್ಲೇನ್ರಿ ಅಕ್ಕಾರ?"

"ಇಲ್ಲಪಾ."

"ಮಗಾ ಮೊದಲ ತಪ್ಪಾತು ಅಂದನೇನ್ರಿ?"

"ಅನ್ನಾಕ ಬಾಯಿ ತಗದಿದ್ದ. ಅಪ್ಪ ಬಿಡಬೇಕಲ್ಲ! ಅಪ್ಪಿಕೊಂಡ ಅಳಾಕ ಹತ್ತಿದ."

ನಾಗಪ್ಪ ಕುಣಿಯಿಂದ ಮೇಲೆ ಬಂದ. ಮುಖ ಒರೆಸಿಕೊಂಡು ನನ್ನನ್ನು ಕೇಳಿದ: "ಅಕ್ಕೋರ, ಸೊಲ್ಲಾಪುರದ ಗಾಡಿ ಹೋತೇನ್ರಿ?"

"ಇನ್ನೂ ಇಲ್ರಿ. ಜಲ್ದಿ ಹೋದ್ರ ಸಿಕ್ಕತೈತ್ರಿ."

ಬರಿದಲೆಯಲ್ಲೇ ಹೊರಟುಬಿಟ್ಟ. ತಿಪ್ಪವ್ವ ಬಾಗಿಲಿಗೆ ಓಡಿ, "ರುಮಾಲರ ಸುತ್ಗೊಂಡ ಹೋಗ್ರಿ!" ಎಂದು ಕೂಗಿದಳು, ಕೂಗಿ ಅಲ್ಲೇ ಕುಸಿದು ಅತ್ತಳು. ಅತ್ತೆ ಅವಳ ತಲೆಯನ್ನು ಮಡಿಲಿಗೆ ಹಾಕಿಕೊಂಡು ಅಳುತ್ತ ಕುಳಿತರು. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ, ನನ್ನ ಕಣ್ಣೂ ಮಂಜಾಗಿತ್ತು. ಓಣಿಯ ತುದಿಯವರೆಗೆ ನಾಗಪ್ಪ ನೆಟ್ಟಗೆ, ಬಿಗುವಿನಿಂದಲೇ ನಡೆದ. ತಿರುವು ಬಂದೊಡನೆ ಧೋತರ ಎತ್ತಿ ಹಿಡಿದು ಓಡತೊಡಗಿದ.