ಶ್ರೀ ಬೂತ್‌ರಾಯ್ಡ್ ಗೆಲ್ಲಬಹುದೇ ಎಂಬುದರ ನಿರ್ಧಾರ ಹಾಗೂ ಅವರನ್ನು ಹೊಗಳುವುದರ ನಿಷೇಧ

ಹ್ಯಾದರ್‌ಬಿ ನಗರಸಭೆ
ಕ್ರೀಡೆ, ಸ್ಮಶಾನ ಮತ್ತು ಇತರೆ ವಿಷಯಗಳ ವಿಭಾಗ

ಸಂಖ್ಯೆ: ಹ್ಯಾನಸ/ಕ್ರೀಸ್ಮಇ/ಮುಷ್ಟಿ/7
ದಿನಾಂಕ: ಪಂದ್ಯದ ಹಿಂದಿನ ಶುಕ್ರವಾರ

ಸುತ್ತೋಲೆ

ವಿಷಯ: ನಾಳೆ ನಮ್ಮಲ್ಲಿ ನಡೆಯಲಿರುವ ಹೆವಿವೇಯ್ಟ್ ಬಾಕ್ಸಿಂಗ್ ಪಂದ್ಯದಲ್ಲಿ ಶ್ರೀ ಕ್ಲಿಫರ್ಡ್ ಬೂತ್‌ರಾಯ್ಡ್ ಅವರು ಗೆಲ್ಲುವ ಸಾಧ್ಯತೆಯನ್ನು ನಿರ್ಧರಿಸುವ ಬಗ್ಗೆ, ಹಾಗೂ ನಾಗರಿಕರು ಅವರೊಂದಿಗೆ ಪ್ರೀತಿಯಿಂದ ಮಾತನಾಡುವುದನ್ನು ಕೂಡಲೇ ನಿಲ್ಲಿಸುವ ಬಗ್ಗೆ.

ಉಲ್ಲೇಖ: (1) ಈ ವಿಭಾಗದ ಹಿಂದಿನ ಸುತ್ತೋಲೆ, ‘ಪ್ರೋತ್ಸಾಹ ಸಪ್ತಾಹ’ (ವಿಷಾದಪೂರ್ವಕವಾಗಿ ಹಿಂಪಡೆಯಲಾಗಿದೆ).
(2) ಶ್ರೀ ಬೂತ್‌ರಾಯ್ಡ್ ಅವರ ಮನವಿ.

ಪೀಠಿಕೆ:

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ತಿಂಗಳು, ಬೆಟ್ಟದ ಬುಡದ ಒಂದು ಊರಿನಲ್ಲಿ ದೊಡ್ಡ ದೇಹದ, ಸಣ್ಣ ದನಿಯ ಒಬ್ಬ ಮನುಷ್ಯನಿದ್ದನು. ಹಗಲು ಶಾಲೆಯ ಮುಂದೆ ‘ನಿಲ್ಲಿ’ ಎಂಬ ಫಲಕದ ಕೋಲು ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವುದು, ಸಂಜೆ ಮರಳಿನ ಮೂಟೆಯನ್ನು ಗುದ್ದುವುದು ಅವನ ದಿನಚರಿ. ಸಮುದ್ರದಾಚೆ, ರಾಟರ್‌ಡ್ಯಾಮ್ ಎಂಬ ಪಟ್ಟಣದಲ್ಲಿ, ಯಾರಿಗೂ ಸೋಲದ ಒಬ್ಬ ದೈತ್ಯನಿದ್ದನು. ದೈತ್ಯನೊಡನೆ ಸೆಣಸಬೇಕಿದ್ದವನ ಮಣಿಕಟ್ಟು ಮುರಿದು, ಬದಲಿಗೆ ಬರಲು ಯಾರೂ ಒಪ್ಪದೆ, ಕಡೆಗೆ ನಮ್ಮವನಿಗೆ ಕರೆ ಬಂದಿತು. ಸದರಿ ಮನುಷ್ಯರು ಶ್ರೀ ಕ್ಲಿಫರ್ಡ್ ಬೂತ್‌ರಾಯ್ಡ್ ಎಂದೂ, ಸದರಿ ದೈತ್ಯರು ಶ್ರೀ ರೂಲೋಫ್ ತೆರ್‌ಹೋರ್ಸ್ಟ್ ಎಂದೂ ದಾಖಲೆಗಳಿಂದ ತಿಳಿದುಬಂದಿರುತ್ತದೆ.

ಉಲ್ಲೇಖ (1)ರಲ್ಲಿ, ಎಲ್ಲ ನಾಗರಿಕರು ಶ್ರೀ ಬೂತ್‌ರಾಯ್ಡ್ ಅವರಿಗೆ ದಿನಕ್ಕೊಂದು ಒಳ್ಳೆಯ ಮಾತು ಹೇಳತಕ್ಕದ್ದೆಂದು ಆದೇಶಿಸಲಾಗಿತ್ತು. ಈ ಊರಿನಲ್ಲಿ ಒಬ್ಬರ ಮುಖ ನೋಡಿ ಒಳ್ಳೆಯ ಮಾತು ಹೇಳುವುದು ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಮಾತ್ರ ಎಂಬ ರೂಢಿಯನ್ನು ವಿಭಾಗವು ಮರೆತಿತ್ತು. ಬಸ್ ನಿಲ್ದಾಣದಲ್ಲಿ ಅಪರಿಚಿತರೊಬ್ಬರು “ನೀನಂದ್ರೆ ನಮಗೆಲ್ಲ ತುಂಬಾ ಹೆಮ್ಮೆ ಕಣಪ್ಪಾ” ಎಂದೊಡನೆ ಬಿಳಿಚಿಕೊಂಡ ಶ್ರೀ ಬೂತ್‌ರಾಯ್ಡ್, ನೇರವಾಗಿ ವೈದ್ಯರ ಬಳಿ ಹೋಗಿ “ಡಾಕ್ಟ್ರೇ, ಮುಚ್ಚಿಡಬೇಡಿ. ಇನ್ನೆಷ್ಟು ದಿನ ಇದೆ ನಂಗೆ?” ಎಂದು ಕೇಳಿರುತ್ತಾರೆ. ವೈದ್ಯರೂ ಸುತ್ತೋಲೆಯನ್ನು ಓದಿದ್ದರಿಂದ, ಅವರ ಕೈ ಹಿಡಿದು “ನೀವು ಬಹಳ ಧೈರ್ಯವಂತರು” ಎಂದಿರುತ್ತಾರೆ. ಪರಿಸ್ಥಿತಿ ಅಲ್ಲಿಂದ ಬಿಗಡಾಯಿಸಿತು.

ರಕ್ತಪರೀಕ್ಷೆಯಲ್ಲಿ ಏನೂ ಕಂಡುಬರದ ಮೇಲೆ ಅವರು ಬರೆದುಕೊಂಡದ್ದು ಹೀಗಿದೆ: “ಹಂಗಾದ್ರೆ ಎಲ್ರೂ ಪಾಪ ಅಂತಿರೋದು ಪಂದ್ಯ ನೆನೆಸ್ಕೊಂಡೇ. ನಾನು ಗೆಲ್ಲೋ ಸಾಧ್ಯತೆ ಚೂರಾದ್ರೂ ಇದ್ಯಾ? ಸುಳ್ಳು ಬೇಡ, ಸಮಾಧಾನನೂ ಬೇಡ. ಶುಕ್ರವಾರ ಸಂಜೆಯೊಳಗೆ ಹೇಳ್ಲಿಲ್ಲ ಅಂದ್ರೆ ನಾನು ರಿಂಗ್ ಹತ್ತಲ್ಲ.” ಮೂವತ್ತೇಳರ ವಯಸ್ಸಿನವರಿಗೆ ಇಂಥ ಕರೆ ಇನ್ನೊಮ್ಮೆ ಬರುವುದಿಲ್ಲ. ಇದು ಅವರಿಗೂ ಗೊತ್ತು, ವಿಭಾಗಕ್ಕೂ ಗೊತ್ತು. ಹೇಳುವುದಾಗಿ ವಿಭಾಗವು ಮಾತು ಕೊಟ್ಟಿತು.

ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಪ್ರೋತ್ಸಾಹ ಸಪ್ತಾಹವನ್ನು ರದ್ದುಪಡಿಸಲಾಗಿದೆ. ಹೂಗುಚ್ಛ ಕೊಟ್ಟವರು ಅದನ್ನು ವಾಪಸ್ ಪಡೆಯತಕ್ಕದ್ದು. ಬಾಡಿದ್ದಲ್ಲಿ, ಬಾಡಿದ ಸ್ಥಿತಿಯಲ್ಲಿಯೇ.

2. ನಾಗರಿಕರು ಶ್ರೀ ಬೂತ್‌ರಾಯ್ಡ್ ಅವರನ್ನು ಎಂದಿನಂತೆ ಹಂಗಿಸತಕ್ಕದ್ದು. ಮಾದರಿ: “ಏನೋ ಕ್ಲಿಫ್, ಆ ದೈತ್ಯ ನಿನ್ನ ನೋಡಿ ನಕ್ಕೂ ನಕ್ಕೂ ಬಿದ್ರೆ ಗೆದ್ದಂಗೆ ನೀನು!” ಸ್ವಂತವಾಗಿ ಏನೂ ತೋಚದವರು ನಗರಸಭೆಯ ನಾಲ್ಕನೇ ಕಿಟಕಿಯಲ್ಲಿ ವಿಚಾರಿಸುವುದು. ಅಲ್ಲಿನ ಗುಮಾಸ್ತರು ಮೊದಲು ನಿಮ್ಮನ್ನೇ ಹಂಗಿಸುವರು. ಅದನ್ನು ತರಬೇತಿಯೆಂದು ತಿಳಿಯತಕ್ಕದ್ದು.

3. ಶಾಲಾ ಮಕ್ಕಳು “ಕ್ಲಿಫ್ ಮಾಮ, ನೀವು ಹೋದ್ಮೇಲೆ ಆ ಕೋಲು ನಂಗೆ ಕೊಡ್ತೀರಾ?” ಎಂದು ಕೇಳುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ಕೋಲಿನ ಮೇಲೆ ಹೆಸರು ಬರೆದಿರುವ ಮಗು ಅದನ್ನು ಅಳಿಸತಕ್ಕದ್ದು.

4. ಸ್ಮಶಾನ ಶಾಖೆಯು ಸದುದ್ದೇಶದಿಂದ ಗೋಡೆಯ ಪಕ್ಕ ಕಾದಿರಿಸಿದ್ದ ಅಗಲವಾದ ಜಾಗವನ್ನು ತೆರವುಗೊಳಿಸಲಾಗಿದೆ. ಅಲ್ಲಿಂದ ನೋಟ ಬಹಳ ಚೆನ್ನಾಗಿದೆ ಎಂದು ಶ್ರೀ ಬೂತ್‌ರಾಯ್ಡ್ ಅವರಿಗೇ ಹೇಳಿ ಬಂದ ನೌಕರರು ಲಿಖಿತ ವಿವರಣೆ ನೀಡತಕ್ಕದ್ದು.

5. ಶ್ರೀ ಬೂತ್‌ರಾಯ್ಡ್ ಅವರನ್ನು ಕಂಡಾಗ ಹೆಮ್ಮೆಯನ್ನು ತಡೆಯಲಾಗದವರು ಹತ್ತಿರದ ಅಂಚೆ ಡಬ್ಬಿಯ ಕಡೆ ತಿರುಗಿ ನಿಲ್ಲತಕ್ಕದ್ದು. ಒಂದು ಡಬ್ಬಿಗೆ ಒಬ್ಬರು ಮಾತ್ರ.

6. ಕಷ್ಟದ ಪ್ರಶ್ನೆಯನ್ನು ಮೂವರ ಬಳಿ ಕೇಳಬೇಕೆಂಬುದು ಎಲ್ಲ ಹಳೆಯ ಕಥೆಗಳಲ್ಲಿಯೂ ಪಾಲಿಸಲಾದ ಕ್ರಮ. ಅದರಂತೆ ಸಹಾಯಕರೊಬ್ಬರನ್ನು ಕಳುಹಿಸಲಾಗಿ, ಅವರು ವರದಿ ಮಾಡಿದ್ದು:

(ಅ) ತರಬೇತುದಾರ ಶ್ರೀ ಸೆಪ್ ಹಾರ್ಡ್‌ಕ್ಯಾಸಲ್: “ಎಡಗೈ ನಡೆಯುತ್ತೆ. ಬಲಗೈ ವಿಷಯ ಎತ್ತಬೇಡಮ್ಮ. ಕಾಲಾ? ಕಾಲೂ ಅವನ ಜೊತೆಗೇ ಬರುತ್ತೆ, ಸ್ವಲ್ಪ ಹಿಂದೆ.” ತಮ್ಮ ಮದುವೆಯ ದಿನ ವಧುವನ್ನು ಕುರಿತೂ ಇವರು “ನಡೆಯುತ್ತೆ” ಎಂದಷ್ಟೇ ಹೇಳಿದ್ದರಿಂದ, ಇದನ್ನು ಅನುಕೂಲಕರವೆಂದು ಪರಿಗಣಿಸಲಾಗಿದೆ.

(ಆ) ಮಾಂಸದಂಗಡಿಯ ಶ್ರೀಮತಿ ನೋರಾ ಗ್ಲೆಡ್‌ಹಿಲ್: “ಆ ಡಚ್ಚೋನು ಒಳ್ಳೆ ಬಟ್ಟೆ ಬೀರು ಇದ್ದಂಗಿದಾನೆ. ಆದ್ರೆ ಬೀರೂ ಮೆಟ್ಟಿಲಿಂದ ಉರುಳುತ್ತೆ, ನಮ್ಮನೇಲೇ ಉರುಳಿದೆ.” ಬಳಿಕ ಒಂದು ಹಂದಿಮಾಂಸದ ಪೈಯನ್ನು ಕಟ್ಟಿ, “ಕ್ಲಿಫ್‌ಗೆ ಕೊಡು. ನಾನು ಕೊಟ್ಟೆ ಅಂತ ಯಾರ್ಗೂ ಹೇಳ್ಬೇಡ” ಎಂದಿರುತ್ತಾರೆ. ಸಹಾಯಕರು ಯಾರಿಗೂ ಹೇಳಿಲ್ಲ. ಸುತ್ತೋಲೆಯಲ್ಲಿ ಮಾತ್ರ ನಮೂದಿಸಲಾಗಿದೆ.

(ಇ) ತಾಯಿ ಶ್ರೀಮತಿ ಮಾವಿಸ್ ಬೂತ್‌ರಾಯ್ಡ್ ಅವರು ಇಂದು ಮಧ್ಯಾಹ್ನ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಮಗ ಗೆಲ್ಲುವನೇ ಎಂದು ಕೇಳಲಾಗಿ, “ಅದೆಲ್ಲ ನಂಗೇನ್ ಗೊತ್ತಮ್ಮ. ಒಗೆಯೋಕೆ ಸಾಕ್ಸ್ ಹಾಕು ಅಂದ್ರೆ ಇನ್ನೂ ಹಾಕಿಲ್ಲ ಅವನು” ಎಂದರು. ಸಹಾಯಕರು ಬಾಗಿಲು ದಾಟುವಾಗ ಹಿಂದಿನಿಂದ ಕರೆದರು: “ಇಲ್ನೋಡು, ಭಾನುವಾರ ಊಟಕ್ಕೆ ಆ ಡಚ್ ಹುಡುಗನ್ನೂ ಕರ್ಕೊಂಡು ಬರ್ಬೇಕಂತೆ ಅಂತ ಕ್ಲಿಫ್‌ಗೆ ಹೇಳು. ಪಾಪ, ಪರಸ್ಥಳ. ಸೋತ್ಮೇಲೆ ಹೋಟೆಲ್ ರೂಮಲ್ಲಿ ಒಬ್ಬನೇ ಕೂತಿರಬಾರ್ದು.”

7. ಮೇಲಿನ ಮಾತನ್ನು ವಿಭಾಗವು ಚಹಾ ಆರುವವರೆಗೂ ಪರಿಶೀಲಿಸಿತು. ಬೇರೆ ಯಾವ ಅರ್ಥವೂ ಕಂಡುಬರಲಿಲ್ಲ. ಕೂಡಲೇ ಶಾಲೆಯ ಮುಂದೆ, ಯಾವುದೇ ಭಾವ ಬೆರೆಸದೆ, ಅದನ್ನು ಶ್ರೀ ಬೂತ್‌ರಾಯ್ಡ್ ಅವರಿಗೆ ಓದಿ ಹೇಳಲಾಯಿತು. ಅವರು ರಸ್ತೆಯ ನಡುವೆ ಕೋಲು ಹಿಡಿದು ನಿಂತೇ ಇದ್ದರು. ಮಕ್ಕಳೆಲ್ಲ ದಾಟಿಯಾಗಿತ್ತು. “ಅಮ್ಮ ಹಂಗಂದ್ಲಾ? ಸೋತ್ಮೇಲೆ ಅಂತ, ಅವನಿಗೆ?” ಎಂದು ಕೇಳಿದರು. ಹೌದೆನ್ನಲಾಯಿತು. ಅಷ್ಟರಲ್ಲಿ ಹಾಲಿನ ವ್ಯಾನಿನ ಚಾಲಕರು “ಲೋ ಕ್ಲಿಫ್! ನಾಳೆನೂ ಹಿಂಗೇ ಕಂಬದ ಥರ ನಿಂತ್ಕೊಂಡ್ರೆ ಮೂಗು ಇರಲ್ಲ ನೋಡು!” ಎಂದು ಕೂಗಿದರು. ನಿಯಮ 2 ಜಾರಿಗೆ ಬರುವ ಮುನ್ನವೇ ಅದನ್ನು ಪಾಲಿಸಿದ ಸದರಿ ಚಾಲಕರನ್ನು ಶ್ಲಾಘಿಸಬೇಕಿತ್ತು, ಶ್ಲಾಘಿಸಿಲ್ಲ. ಶ್ರೀ ಬೂತ್‌ರಾಯ್ಡ್ ಒಂದು ವಾರದಲ್ಲಿ ಮೊದಲ ಬಾರಿಗೆ ನಕ್ಕು, ರಿಂಗ್ ಹತ್ತುವುದಾಗಿ ತಿಳಿಸಿರುತ್ತಾರೆ.

8. ಶ್ರೀ ಕ್ಲಿಫರ್ಡ್ ಬೂತ್‌ರಾಯ್ಡ್ ಅವರು ಗೆಲ್ಲುವ ಸಾಧ್ಯತೆ ಇದೆ ಎಂದು ಈ ಮೂಲಕ ದೃಢೀಕರಿಸಲಾಗಿದೆ. ಕೊಟ್ಟ ಮಾತು ನೆರವೇರಿದ್ದು, ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/-
(ವಿನಿಫ್ರೆಡ್ ಆಸ್ಪಿನಾಲ್)
ವಿಭಾಗಾಧಿಕಾರಿಗಳ ಪರವಾಗಿ
(ಅಧಿಕಾರಿಗಳು ಅಂಚೆ ಡಬ್ಬಿಯ ಬಳಿ ಇರುತ್ತಾರೆ)

ಪ್ರತಿಗಳು:
1. ವೈದ್ಯರಿಗೆ: ಇನ್ನು ಮುಂದೆ ರೋಗಿಗಳ ಕೈ ಹಿಡಿಯುವ ಮುನ್ನ ಕಾರಣ ತಿಳಿಸಲು ಕೋರಿ.
2. ಸ್ಮಶಾನ ಶಾಖೆಗೆ: ಗುಂಡಿ ಮುಚ್ಚುವ ಸಲುವಾಗಿ.
3. ಶ್ರೀಮತಿ ಮಾವಿಸ್ ಬೂತ್‌ರಾಯ್ಡ್ ಅವರಿಗೆ: ಆಲೂಗಡ್ಡೆಯ ಪ್ರಮಾಣ ಹೆಚ್ಚಿಸುವ ಸಲುವಾಗಿ.
4. ಶ್ರೀ ರೂಲೋಫ್ ತೆರ್‌ಹೋರ್ಸ್ಟ್ ಅವರಿಗೆ: ಊಟದ ಆಹ್ವಾನ ಮಾತ್ರ. ಕಾರಣ ತಿಳಿಸತಕ್ಕದ್ದಲ್ಲ.