ಪಿಕಪ್ಪಿನ ಕೆಮ್ಮು

ನಮ್ಮ ಪಿಕಪ್ ಗಾಡಿಯನ್ನು ಮಾರುವವರೆಗೂ ಮಾತು ಬೆಳೆಯಿತಲ್ಲ, ಅದರಲ್ಲಿ ಗಾಡಿಯ ತಪ್ಪಿಗಿಂತ ನನ್ನ ಗಂಟಲಿನ ತಪ್ಪೇ ಹೆಚ್ಚು. ಊರವರ ಬಾಯಿಂದ ನಿಮಗೆ ಗೊತ್ತಾಗುವ ಮೊದಲು ನಾನೇ ಹೇಳಿಬಿಡುವುದು ಮರ್ಯಾದೆ. ದೇವರು ಕೆಲವರಿಗೆ ಹಾಡುವ ಕಂಠ ಕೊಡುತ್ತಾನೆ, ಕೆಲವರಿಗೆ ಭಾಷಣದ ಕಂಠ. ನನಗೆ ಕೊಟ್ಟದ್ದು ಬೇರೆಯವರ ಕಂಠ. ಕುಪ್ಪೇಲೂರಿನ ಬಸ್ ಕಂಡಕ್ಟರು ಟಿಕೆಟ್ ಕೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ನಮ್ಮ ಸೋದರಮಾವ ಬಸಿಯಲ್ಲಿ ಚಹಾ ಹೀರುವುದು, ನಮ್ಮಪ್ಪ ಸಿಟ್ಟು ಬರುವ ಮೊದಲು ಮೂಗಿನಿಂದ ಬಿಡುವ ಗಾಳಿ, ಎಲ್ಲವನ್ನೂ ನಾನು ಅವರಿಗಿಂತ ಚೆನ್ನಾಗಿ ಮಾಡುತ್ತೇನೆ. ನನ್ನ ದನಿ ಹೇಗಿದೆ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಗಾಡಿಯ ವಿಷಯಕ್ಕೆ ಬರುತ್ತೇನೆ. ಅದರ ಮೀಟರು ಓಡಿ ಓಡಿ ಬೇಸತ್ತು ಎಂದೋ ನಿಂತುಬಿಟ್ಟಿದೆ. ಗಾಡಿ ಮಾತ್ರ ಓಡುತ್ತಲೇ ಇದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮ ಹೊಲದ್ದು, ಪಕ್ಕದ ಹೊಲದವರದ್ದು ಎಲ್ಲ ಹೇರಿಕೊಂಡು ನಸುಕಿನಲ್ಲಿ ಬ್ಯಾಡಗಿಗೆ ಹೊರಡುತ್ತೇವೆ. ಒಣಮೆಣಸಿನಕಾಯಿ ಚೀಲ ನೋಡಲು ಗುಡ್ಡ, ತೂಕಕ್ಕೆ ಹತ್ತಿ. ಹಾಗಾಗಿ ನಮ್ಮ ಗಾಡಿ ಓಡುತ್ತದೆ ಎನ್ನುವುದಕ್ಕಿಂತ ತೇಲುತ್ತದೆ ಎನ್ನಬೇಕು. ಒಳಗೆ ಸೀಟಿನ ಸ್ಪಂಜಿಗೆಲ್ಲ ವರ್ಷಗಳ ಘಾಟು ಇಳಿದಿದೆ. ಹೊಸಬರು ಕೂತರೆ ಸೀನುತ್ತಾರೆ, ನನಗೆ ನಿದ್ದೆ ಬರುತ್ತದೆ. ಅಪ್ಪ ಸುಮ್ಮನೆ ಓಡಿಸುತ್ತಿರುತ್ತಾನೆ. ರಾಣೆಬೆನ್ನೂರಿನ ದೀಪಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ, ಮಂಜಿನೊಳಗೆ ಗೋವಿನಜೋಳದ ಹೊಲಗಳು ಎದ್ದು ಮತ್ತೆ ಮಲಗುತ್ತವೆ. ಅರ್ಧ ಕಣ್ಣು ಮುಚ್ಚಿದರೆ, ಕೆಂಪು ಮೋಡವೊಂದು ನಮ್ಮಿಬ್ಬರನ್ನು ಮಡಿಲಲ್ಲಿಟ್ಟುಕೊಂಡು ಎಲ್ಲಿಗೋ ಹೊರಟಂತೆ ಕಾಣುತ್ತದೆ. ಅಂಥದ್ದೇ ಒಂದು ನಸುಕಿನಲ್ಲಿ ಮೋಡ ಕೆಮ್ಮಿತು. ಏರಿನಲ್ಲಿ ಒಂದು ಸಲ, ಇಳಿಜಾರಿನಲ್ಲಿ ಇನ್ನೊಂದು ಸಲ.

ಮರುದಿನ ಗಾಡಿ ಬೇರೆಯವರ ಬಾಡಿಗೆಗೆ ಹೋಗಿತ್ತು. ನಾನು ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋದವನು ನಮ್ಮ ಹಳೆಯ ಮಿಸ್ತ್ರಿ ರಾಜಾಸಾಬರ ಗ್ಯಾರೇಜಿಗೆ ಹೊಕ್ಕೆ. "ಗಾಡಿ ಎಲ್ಲೈತೋ?" ಅಂದರು. "ಗಾಡಿ ಯಾಕ್ರಿ, ಸಪ್ಪಳ ತಂದೇನಿ" ಅಂದೆ. ಬಾಯಿಂದ ಆ ಕೆಮ್ಮು ತೆಗೆದು ತೋರಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಪಕ್ಕದ ಚಹಾ ಅಂಗಡಿಯವರು ಬಂದು ನಿಂತರು, ಯಾರೋ ನಕ್ಕರು. ಜನ ನಿಂತ ಮೇಲೆ ಯಾವ ಕಲಾವಿದ ಸುಮ್ಮನಾಗುತ್ತಾನೆ? ಸೋದರಮಾವನ ದಮ್ಮು ಸ್ವಲ್ಪ ಸೇರಿಸಿದೆ, ಹಳೇ ಹಿಟ್ಟಿನ ಗಿರಣಿಯ ಬೆಲ್ಟು ಸೇರಿಸಿದೆ, ಕೊನೆಗೆ ಪ್ರಾಣ ಹೋಗುವಾಗಿನ ಒಂದು ಬಿಕ್ಕಳಿಕೆ. ರಾಜಾಸಾಬರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತೀರಿಕೊಂಡವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು: "ಇಂಥಾ ಸಪ್ಪಳ ಬಂದಮ್ಯಾಲೆ ಇಂಜಿನ್ ಉಳಿಯೂದಿಲ್ಲ ತಮ್ಮಾ. ಸುಗ್ಗಿ ನಡಬರಕ ಕೈ ಕೊಡೂದರಾಗ ಮಾರಿಬಿಡ್ರಿ."

ಸುಗ್ಗಿಯ ನಡುವೆ ಗಾಡಿ ನಿಂತರೆ ಅಂಗಳದಲ್ಲಿ ಒಣಗಿದ ಕಾಯಿ ಅಂಗಳದಲ್ಲೇ ಉಳಿಯುತ್ತದೆ. ಈ ಮಾತನ್ನು ಅಪ್ಪನಿಗೆ ರಾಜಾಸಾಬರ ದನಿಯಲ್ಲೇ ಒಪ್ಪಿಸಿದೆ. ಬಿಕ್ಕಳಿಕೆ ನನ್ನ ಸ್ವಂತದ್ದು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನ್ನ ಕಣ್ಣ ಮುಂದೆ ಹೊಸ ಗಾಡಿ ಬಂದು ನಿಂತಿತ್ತು. ಬಿಳಿ ಬಣ್ಣ, ಹಾಲಿನ ಕೆನೆಯಂಥದು. ಕಿಟಕಿ ಗಾಜು ಗುಂಡಿ ಒತ್ತಿದರೆ ತಾನೇ ಇಳಿಯುತ್ತದೆ. ಈಗಿನದಕ್ಕೆ ಇಬ್ಬರು ಬೇಕು, ಒಬ್ಬ ತಿರುಗಿಸಲು, ಒಬ್ಬ ಗಾಜು ಹಿಡಿದು ಜಗ್ಗಲು. ಹಗಲೆಲ್ಲ ಮೆಣಸಿನಕಾಯಿ ತಿರುವಿ ಹಾಕುತ್ತ ಮನಸ್ಸಿನಲ್ಲೇ ಆ ಬಿಳಿ ಗಾಡಿಯಲ್ಲಿ ಐರಣಿಗೆ ಹೋಗಿ ಹೊಳೆದಂಡೆಯಲ್ಲಿ ನಿಲ್ಲಿಸಿ ಬರುತ್ತಿದ್ದೆ. ನೀರಿನಲ್ಲಿ ಗಾಡಿಯ ನೆರಳು ಅಲುಗುತ್ತಿತ್ತು. ಬ್ಯಾಡಗಿಯ ಹಮಾಲರು ಚೀಲ ಇಳಿಸುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದರು.

ಅಪ್ಪ ಒಂದು ವಾರ ಮೂಗಿನಿಂದ ಗಾಳಿ ಬಿಟ್ಟ. ಆಮೇಲೆ, "ನಡಿ, ನೋಡೂಣು" ಅಂದ. ಹಾವೇರಿಯ ಶೋರೂಮಿಗೆ ಹೋದೆವು. ನಮ್ಮಪ್ಪ ಹುಟ್ಟಿದಾಗಿನಿಂದ ಹಾವೇರಿಗೆ ಬಂದಿದ್ದೇ ದನದ ಸಂತೆಗೆ. ಹೊಸ ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಹಿಂಭಾಗಕ್ಕೆ ಅಂಗೈಯಿಂದ ತಟ್ಟಿ, "ನಾಕ್ ಹೆಜ್ಜಿ ನಡಸ್ರಿ" ಅಂದ. ಟೈ ಕಟ್ಟಿದ ಹುಡುಗ ನಗುತ್ತ ಮುಂದೆ ಹಿಂದೆ ಓಡಿಸಿ ತೋರಿಸಿದ. ನಾನು ಒಳಗೆ ಕೂತು ಐರಣಿಯ ಕಡೆ ಹೊರಟುಬಿಟ್ಟಿದ್ದೆ. ವಾಪಸು ಬರುವಷ್ಟರಲ್ಲಿ ಅಪ್ಪ ಹೆಗಲ ಟವೆಲ್ಲು ತೆಗೆದು ಆ ಹುಡುಗನ ಕೈ ಮೇಲೆ ಹಾಕಿದ್ದ. ದನದ ವ್ಯಾಪಾರದಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಒತ್ತಿ ಹೇಳುತ್ತಾರೆ. ಎದುರಿನವನು ಕೈ ಕುಲುಕಿದರೆ ಒಪ್ಪಿದ ಹಾಗೆ. ಹುಡುಗ ದಾವಣಗೆರೆ ಆಚೆಯವನು. ಹಿರಿಯರು ಪ್ರೀತಿಯಿಂದ ಕೈ ಹಿಡಿದಿದ್ದಾರೆಂದು ತಿಳಿದು ಎರಡೂ ಕೈಯಿಂದ ಗಟ್ಟಿಯಾಗಿ ಕುಲುಕಿ, "ತುಂಬಾ ಸಂತೋಷ ಸರ್" ಅಂದ. ಅಪ್ಪ ಹೊರಗೆ ಬಂದು, "ಭಾಳ ಸಡ್ಲ ಮನಶ್ಯಾ. ನಾ ಹಿಡಿದಷ್ಟಕ್ಕ ಕೊಟ್ಟಬಿಟ್ಟ" ಅಂದ. ಆ ಮುಖದ ಸಂತೋಷ ನೋಡಿ ನನಗೆ ಬಾಯಿ ಬರಲಿಲ್ಲ. ಎಲ್ಲರ ಬಾಯಿ ಬರುವವನಿಗೆ ಬೇಕಾದಾಗ ತನ್ನದು ಬರುವುದಿಲ್ಲ, ನೋಡಿ.

ಎರಡು ದಿನಕ್ಕೆ ಹುಡುಗನ ಫೋನು ಬಂತು. ಅವನು ಹೇಳಿದ ಪೂರ್ತಿ ದರ ಕೇಳಿ ಅಪ್ಪ, "ಕೈ ಕೊಟ್ಟಮ್ಯಾಲೆ ಮಾತು ತಿರುಗಿಸಬಾರದು ತಮ್ಮಾ" ಅಂತ ಅವನಿಗೇ ಬುದ್ಧಿ ಹೇಳಿ ಫೋನಿಟ್ಟ. ಸೀದಾ ಹಳೇ ಗಾಡಿ ಹತ್ತಿ ರಾಜಾಸಾಬರ ಹತ್ತಿರ ಹೋದ. ನಾನೂ ಹೋದೆ, ಆದಷ್ಟು ಸಣ್ಣಗಾಗಿ ಕೂತು. ರಾಜಾಸಾಬರು ಇಂಜಿನ್ ಚಾಲೂ ಮಾಡಿಸಿ ಕೇಳಿದರು, ನನ್ನ ಕಡೆ ನೋಡಿದರು, ಮತ್ತೆ ಕೇಳಿದರು. "ನಿಮ್ಮ ಮಗಾ ಮಾಡಿದಷ್ಟು ಕೆಟ್ಟಿಲ್ರಿ ಗೌಡ್ರ. ಕೆಲಸ ಐತಿ, ಆದ್ರ ಸಾಯೂ ಕೆಲಸ ಅಲ್ಲ. ರಿಪೇರಿ ಮಾಡಿದ್ರ ಈ ಸುಗ್ಗಿ ಆರಾಮ ಓಡ್ತೈತಿ. ಮುಂದಿಂದು ನಾ ಹೇಳಂಗಿಲ್ಲ. ಮಾರಿದ್ರೂ ತಪ್ಪಿಲ್ಲ, ಇಟಗೊಂಡ್ರೂ ತಪ್ಪಿಲ್ಲ" ಎಂದು ಚೆಂಡನ್ನು ಮತ್ತೆ ನಮ್ಮ ಅಂಗಳಕ್ಕೇ ಎಸೆದರು.

ಅಂಗಳದಲ್ಲಿ ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು. ಸಂಜೆಬಿಸಿಲು ರಾಶಿಯ ಮೇಲೆ ಬಿದ್ದು ಗೋಡೆಗಳೆಲ್ಲ ಕೆಂಪಗೆ ಉಸಿರಾಡುತ್ತಿದ್ದವು. ಅಪ್ಪ ಗಾಡಿಯ ಬಾಗಿಲಿಗೆ ಒರಗಿ ನಿಂತ. ಬಿಳಿ ಗಾಡಿ ಇನ್ನೂ ಪೂರ್ತಿ ಕರಗಿರಲಿಲ್ಲ. ಇದೇ ಕೊನೆಯ ಅವಕಾಶ ಎನಿಸಿ ನನ್ನ ಸ್ವಂತ ದನಿಯಲ್ಲೇ ವಾದಕ್ಕೆ ನಿಂತೆ. "ನೀನ ಹೇಳಬೇ ಅವ್ವಾ. ಮುಂಜಾನಿ ಎಬ್ಬಿಸಿದ್ರ ಏಳಂಗಿಲ್ಲ. ಹೊಟ್ಟಿಗೆ ಹಾಕಿದ್ದು ಎಲ್ಲಿ ಹೊಕ್ಕೈತೋ ಗೊತ್ತಾಗಂಗಿಲ್ಲ. ದುಡಿಯೂದು ಕಮ್ಮಿ, ಸಪ್ಪಳ ಜಾಸ್ತಿ. ಇಂಥಾದನ್ನ ಇನ್ನ ಎಷ್ಟು ದಿನಾ ಮನ್ಯಾಗ ಇಟಗೋತೀರಿ? ಬದಲಿ ಮಾಡೂದ ಬಿಟ್ಟು?"

ಅವ್ವ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು, ಕಾಯಿಯನ್ನು ರಾಶಿಗೆ ಹಾಕಿ ಹೇಳಿದಳು:

"ಹಂಗ ಬದಲಿ ಮಾಡೂದಾದ್ರ, ಈ ಮನ್ಯಾಗ ಗಾಡಿ ಪಾಳಿ ಎರಡನೇದು, ತಮ್ಮಾ."