ಅಕ್ಕನ ಮಸಾಲೆಗೆ ಪುಕ್ಕಟೆ ಫಾಂಟು

ಇದು ಹೀಗೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಆಧಾರವಿಲ್ಲದ್ದನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತುಬಂದವನು, ಈಗ ನನ್ನ ನೆನಪನ್ನೇ ನಂಬಲಾಗದೆ ಒದ್ದಾಡುತ್ತಿದ್ದೇನೆ. ಬ್ರಹ್ಮಾವರದ ಅಕ್ಕ ಕೋಳಿ ಮಸಾಲೆ ಹುಡಿಯನ್ನು ಮುಂಬಯಿಗೆ ಮಾರಲು ಹೊರಟಾಗ ವೆಬ್‌ಸೈಟಿನ ಹೊಣೆ ನನ್ನ ತಲೆಗೆ ಬಂತು. ಅವಳ ಷರತ್ತು ಒಂದೇ: ಅಲ್ಲಿ ಹೋಟೆಲಿಟ್ಟು ವಯಸ್ಸಾದ ನಮ್ಮೂರಿನವರು ಕನ್ನಡಕ ಹುಡುಕದೆ ಓದುವಂತಿರಬೇಕು. ಓದಲಾಗದವರು ಕೊಳ್ಳುವುದಿಲ್ಲ, ಕೊಳ್ಳದಿದ್ದರೆ ಅವಳ ಹೊಸ ಗ್ರೈಂಡರು ಸುಮ್ಮನೆ ಕೂರುತ್ತದೆ.

ಪುಕ್ಕಟೆ ಸಿಗುವ ಕನ್ನಡ ಫಾಂಟುಗಳನ್ನೆಲ್ಲ ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ಪುಕ್ಕಟೆ ಎಂದರೇ ನನಗೆ ಅನುಮಾನ. ಪರವಾನಗಿಗಳನ್ನು ಎರಡೆರಡು ಸಲ ಓದಿದೆ. ಒಂದರಲ್ಲಿ ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು, ಇನ್ನೊಂದು ಮದುವೆ ಕಾಗದದಂತೆ ಬಳುಕುತ್ತಿತ್ತು. ಊಟದ ನಡುವೆ ಎದ್ದು ಹೋಗಿ ಫಾಂಟು ಬದಲಾಯಿಸಿ ಬರುತ್ತಿದ್ದೆ. ಕೊನೆಗೆ ಅಕ್ಕನೇ ಉಪಾಯ ಹೂಡಿದಳು. ಒಂದೊಂದು ಫಾಂಟಿನಲ್ಲಿ ಒಂದೊಂದು ಹಾಳೆ ಮುದ್ರಿಸಿ ತರಿಸಿ, ಅಂಗಳದ ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಳು. ಕೋಳಿ ಮಸಾಲೆಯ ಕೊತ್ತಂಬರಿಯನ್ನು ಕೋಳಿಗಳಿಂದ ಕಾಯುತ್ತ ಜಗಲಿಯಲ್ಲಿ ಕೂತಿದ್ದ ಅವಳ ಅತ್ತೆ ಕನ್ನಡಕ ತೆಗೆದಿಟ್ಟು ಓದಬೇಕು. ಅತ್ತೆಯ ಕಣ್ಣು ಐದನೆಯ ಹಾಳೆಗೆ ನಿಂತಿತು.

“ಹ್ವಾಯ್ ಮಗಾ, ಈ ಅಕ್ಷರ ಹೊಟ್ಟಿ ತುಂಬ ಉಂಡಂಗಿತ್ತ್. ಉಳ್ದದ್ದೆಲ್ಲ ಉಪಾಸ ಕೂತಂಗಿತ್ತ್.”

ಅದೇ ಆಯಿತು. ಆದರೆ ಅದನ್ನು ಅತ್ತೆಗಿಂತ ಮೊದಲೇ ನಾನು ಮೆಚ್ಚಿದ್ದೆನೆಂದು ನನ್ನ ನೆನಪು. ಅಕ್ಕ ಒಪ್ಪುವುದಿಲ್ಲ. “ನೀ ಮೆಚ್ಚಿದ್ದ್ ಮದಿ ಕಾಗ್ದದ್ದ್ ಅಲ್ದಾ ತಮ್ಮ?” ಎನ್ನುತ್ತಾಳೆ. ಸೈಟು ಶುರುವಾದ ಮೇಲೆ ಗ್ರೈಂಡರು ಬಿಡುವಿಲ್ಲದೆ ತಿರುಗಿತು. ಮುಂಬಯಿಯಿಂದ ಆರ್ಡರು ಬಂದಾಗಲೆಲ್ಲ ಫಾಂಟಿನ ಕೀರ್ತಿ ಯಾರದೆಂದು ವರ್ಷಗಟ್ಟಲೆ ಜಗಳವಾಡಿದೆವು. ಅಲ್ಲಿರುವ ಅವಳ ಮೈದುನ ಒಮ್ಮೆ ಫೋನಿನಲ್ಲಿ, ನಿಮ್ಮ ಸೈಟು ಸರ್ಕಾರಿ ನೋಟೀಸಿನ ಹಾಗೆ ಕಾಣುತ್ತದೆ ಎಂದಿದ್ದರು. ಭಾವ, ಕಣ್ಣು ತೋರಿಸಿಕೊಳ್ಳಿ ಎಂದೆ.

ಮೊನ್ನೆ ಜಗಳ ತೀರಿಸಲು ಆಧಾರ ಹುಡುಕುತ್ತ ಸೈಟಿನ ಕಡತಗಳನ್ನು ತೆರೆದೆ. ಯಾರು ಆರಿಸಿದರೆಂಬುದಕ್ಕೆ ಏನೂ ಸಿಗಲಿಲ್ಲ. ಸಿಕ್ಕಿದ ಸಂಗತಿ ಬೇರೆ. ನಂಬಿಕೆ ಬಾರದೆ ಬೈಂದೂರಿಗೆ ಬಸ್ಸು ಹತ್ತಿ ಗೆಳೆಯನ ಕಂಪ್ಯೂಟರಿನಲ್ಲೂ ನೋಡಿ ಖಚಿತಪಡಿಸಿಕೊಂಡೆ. ಅಕ್ಕನಿಗಿನ್ನೂ ಹೇಳಿಲ್ಲ. ಆ ಫಾಂಟನ್ನು ನಾನು ಸೈಟಿಗೆ ಏರಿಸಿಯೇ ಇರಲಿಲ್ಲ. ಉಳಿದವರ ಕಂಪ್ಯೂಟರು ತನ್ನಲ್ಲಿದ್ದ ಅಕ್ಷರವನ್ನೇ ತೋರಿಸುತ್ತಿತ್ತು. ಇಷ್ಟು ವರ್ಷ ಆ ಫಾಂಟು ಕಾಣುತ್ತಿದ್ದುದು ಅದನ್ನು ಇಳಿಸಿಕೊಂಡಿದ್ದ ನನ್ನೊಬ್ಬನ ಕಂಪ್ಯೂಟರಿನಲ್ಲಿ.